ಅವರು ಹಿಂದೆ ಇದ್ದಾರೆ...

ಗೆಳೆಯರೇ, ಇದು ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದಲ್ಲ... ನಾನೇ ಆ ಬಸ್ಸಿನಲ್ಲಿದ್ದೆ.

ನಮ್ಮ ಕುಂದಾಪುರ ಕಡೆಯ ಕಡಲಶ್ರೀ ಕಂಪನಿಗೆ ಎರಡು ಬಗೆಯ ಬಸ್ಸುಗಳು. ಒಂದು ಹೈವೇ ಹಿಡಿದು ಮಂಗಳೂರಿಗೆ ಓಡುವ ಎಕ್ಸ್‌ಪ್ರೆಸ್. ಇನ್ನೊಂದು ಕಡಲ ಬದಿಯ ಊರುಗಳನ್ನೆಲ್ಲ ಮಾತಾಡಿಸಿಕೊಂಡು ಬರುವ ಲೋಕಲ್.

ನಾನು ಲೋಕಲ್ಲಿನ ಹಳೇ ಗಿರಾಕಿ. ಬೆಳಿಗ್ಗೆ ಎಂಟೂಕಾಲರ ಬಸ್ಸು, ಹಿಂದಿನ ಬಾಗಿಲ ಪಕ್ಕ, ಹದಿನೆಂಟು ವರ್ಷ... ಸೀಟು ಸಿಕ್ಕಿದ್ದು ಅಪರೂಪಕ್ಕೆ.

ಈ ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಗಂಡ ಹೆಂಡತಿ ಒಟ್ಟಿಗೆ ಹೊರಟರೂ ಹತ್ತುವ ಬಾಗಿಲು ಬೇರೆ ಬೇರೆ.

ಕಂಡಕ್ಟರ್ ಟಿಕೆಟ್ ಕೇಳಿದರೆ ಹೆಂಡತಿ "ಅವ್ರ್ ಹಿಂದ್ ಇದ್ರ್" ಅನ್ನುತ್ತಾಳೆ. ಹಿಂದೆ ಗಂಡ ಎರಡು ಟಿಕೆಟ್ ತೆಗೆಯುತ್ತಾನೆ. ಮಾತು ಅಷ್ಟಕ್ಕೇ ಮುಗಿಯಿತು.

ಟೈಲರ್ ಮಹಾಬಲಣ್ಣ ಮತ್ತು ಅವರ ಹೆಂಡತಿ ಜಲಜಕ್ಕ ಮೂವತ್ತೊಂದು ವರ್ಷ ಹೀಗೆಯೇ ಓಡಾಡಿದವರು. ಕುಂದಾಪುರದಲ್ಲಿ ಅವರದೊಂದು ಚಿಕ್ಕ ಅಂಗಡಿ. ಬಟ್ಟೆ ಕತ್ತರಿಸುವುದು ಮಹಾಬಲಣ್ಣ, ಹೊಲಿಯುವುದು ಜಲಜಕ್ಕ.

ನಾನೊಮ್ಮೆ ಮಹಾಬಲಣ್ಣನಿಗೆ ತಮಾಷೆ ಮಾಡಿದ್ದೆ. "ಹೆಂಡ್ತಿ ಕೈಯಲ್ ಟಿಕೆಟಿನ್ ದುಡ್ಡ್ ಕೊಟ್ರೆ ಎಂತ, ಓಡಿ ಹೋತ್ರಾ ಮಾರ್ರೆ?"

ಅವರು ನಕ್ಕರು. "ಬೆಳಿಗ್ಗೆ ನಾಕ್ ಗಂಟಿಗೆ ಏಳುವವ್ಳ್ ಮಾರ್ರೆ. ಬಸ್ಸಲ್ಲಾದ್ರೂ ಕಣ್ ಮುಚ್ಚಿ ಕೂತ್ಕಣ್ಲಿ. ಟಿಕೆಟ್ ಅಂದ್ಹೇಳಿ ಯಾರೂ ಎಬ್ಸುಕಾಗ."

ಆ ದಿನ ಮನೆಗೆ ಹೋಗಿ ಹೆಂಡತಿಗೆ ನಾನೇ ಚಹಾ ಮಾಡಿಕೊಟ್ಟೆ, ಅವಳು ಅನುಮಾನದಿಂದಲೇ ಕುಡಿದಳು.

ಕಳೆದ ವರ್ಷ ಮಹಾಬಲಣ್ಣ ಹೋಗಿಬಿಟ್ಟರು... ಎದೆನೋವು ಎಂದು ಕೂತವರು ಏಳಲಿಲ್ಲ.

ಅಂಗಡಿಗೆ ಬೀಗ ಬಿತ್ತು. ಮಷೀನು ಮಾರಿಬಿಡುವ ಎಂದಳು ಮಗಳು. ಜಲಜಕ್ಕ ಅವಳಿಗೆ ಹೇಳಿದ್ದು ಇಷ್ಟೇ ಅಂತೆ... "ಒಬ್ಳೇ ಹೋಯಿ ಬಾಗ್ಲ್ ತೆಗ್ದ್ ಕಾಣ್ತೆ. ನನ್ನತ್ರ ಆತಿಲ್ಲೆ ಅಂದ್ರೆ ಮಾರ್."

ಎರಡು ಸೋಮವಾರ ಬಸ್ ಸ್ಟಾಪಿನವರೆಗೆ ಬಂದರು. ಎರಡೂ ಸಲ ಬಸ್ಸು ಎದುರಿಗೆ ನಿಂತಾಗ ಹತ್ತಲಾಗದೆ ಮನೆಗೆ ವಾಪಸ್ ಹೋದರು. ಊರಿಗೆಲ್ಲ ಗೊತ್ತಿದ್ದ ವಿಷಯ ಇದು.

ಅದರ ಮುಂದಿನ ವಾರ ಹೇಗೋ ಮನಸ್ಸು ಗಟ್ಟಿ ಮಾಡಿ ಹತ್ತಿದರು.

ಆ ದಿನದ ಕಂಡಕ್ಟರ್ ಚಂದ್ರಹಾಸ ನಮಗೆ ಹೊಸಬ. ಎಕ್ಸ್‌ಪ್ರೆಸ್ಸಿನಲ್ಲಿದ್ದವನನ್ನು ಕಂಪನಿಯವರು ನಮ್ಮ ಲೋಕಲ್ಲಿಗೆ ಹಾಕಿದ್ದರು. ಯಾರ ಪರಿಚಯವೂ ಇಲ್ಲ, ಗಂಟಲು ಮಾತ್ರ ಜೋರು.

ಮುಂದೆ ಟಿಕೆಟ್ ಕೊಟ್ಟು ಮುಗಿಸಿ ಹಿಂದೆ ಬಂದು ಕೂಗಿದ. "ಮುಂದೆ ನೀಲಿ ಸೀರಿ ಅಮ್ಮಂದ್ ಯಾರ್ ತೆಗಿತ್ರ್? ಅವ್ರ್ ಹಿಂದ್ ಇದ್ರ್ ಅಂದ್ರ್."

ತಲೆಗಳ ನಡುವಿನಿಂದ ಇಣುಕಿ ನೋಡಿದೆ. ನೀಲಿ ಸೀರೆ... ಜಲಜಕ್ಕ.

ಮೂವತ್ತೊಂದು ವರ್ಷದ ಅಭ್ಯಾಸ... ಬಾಯಿ ತಪ್ಪಿ ಬಂದುಬಿಟ್ಟಿತ್ತು.

ದಿನವೂ ರಾಜಕೀಯ ಮಾತಾಡಿ ಬಸ್ಸನ್ನೇ ಮೀನು ಮಾರ್ಕೆಟ್ ಮಾಡುವ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಬೇಗ ಹೇಳಿ ಮಾರ್ರೆ, ಸ್ಟಾಪ್ ಬಂತ್."

ಒಟ್ಟಿಗೆ ನಾಲ್ಕು ಕೈಗಳು ಮುಂದೆ ಬಂದವು. ಅದರಲ್ಲಿ ಒಂದು ನನ್ನದು.

ಚಂದ್ರಹಾಸ ತಬ್ಬಿಬ್ಬಾದ. "ಒಂದ್ ಟಿಕೆಟಿಗೆ ನಾಕ್ ಜನವಾ?"

ಅವನು ಯಾರದೋ ಕೈಯಿಂದ ನೋಟು ತೆಗೆದುಕೊಂಡು, ಟಿಕೆಟ್ ಹರಿದು ಮುಂದಕ್ಕೆ ನುಗ್ಗಿದ.

ಅಷ್ಟರಲ್ಲಿ ಜಲಜಕ್ಕನಿಗೂ ತಾನು ಏನು ಹೇಳಿದೆನೆಂದು ಹೊಳೆದಿತ್ತು. ಎದ್ದು ನಿಂತಿದ್ದರು. ಪರ್ಸಿನ ಜಿಪ್ಪು ತೆರೆಯುತ್ತಾ ಬಾಗಿಲ ಕಡೆ ನೋಡಿದರು. ಬರುವ ಸ್ಟಾಪಿನಲ್ಲಿ ಇಳಿದು ಮನೆಗೇ ಹೋಗಿಬಿಡುತ್ತಾರೆ ಎಂದು ನನಗನಿಸಿತು.

"ಕೂಕಣಿ ಅಮ್ಮಾ, ನಿಮ್ದ್ ಆಯ್ತ್." ಚಂದ್ರಹಾಸನ ಗಂಟಲು ಇಡೀ ಬಸ್ಸಿಗೆ ಕೇಳಿಸಿತು. "ಹಿಂದ್ ನಿಮ್ ಯಜಮಾನ್ರ್ ತೆಗ್ದ್ರ್."

ಪಾಪ, ಅವನಿಗೇನು ಗೊತ್ತು...

ಜಲಜಕ್ಕ ಟಿಕೆಟ್ ತೆಗೆದುಕೊಂಡು ನಿಧಾನವಾಗಿ ಕೂತರು.

ಆಮೇಲೆ ಕುಂದಾಪುರದವರೆಗೂ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಅವರು ಇರುವುದಿಲ್ಲವಲ್ಲ...

ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಸರ್ಕಲ್ಲಿನಲ್ಲಿ ಮುಂದಿನ ಬಾಗಿಲಿನಿಂದ ಇಳಿದವರು ರಸ್ತೆ ಬದಿಯಲ್ಲೇ ನಿಂತುಬಿಟ್ಟರು. ಗಂಡ ಹಿಂದಿನ ಬಾಗಿಲಿನಿಂದ ಇಳಿದು ಬರುವವರೆಗೆ ಅಲ್ಲಿ ಕಾಯುವುದು ಅವರ ರೂಢಿ. ಕಣ್ಣು ಮಾತ್ರ ನೆಲ ನೋಡುತ್ತಿತ್ತು.

ಅದು ನನ್ನ ಸ್ಟಾಪ್ ಅಲ್ಲ. ಆದರೂ ಇಳಿದೆ.

"ಜಲಜಕ್ಕ..."

ಅವರು ತಲೆ ಎತ್ತಲಿಲ್ಲ. "ಯಾರ್ ತೆಗ್ದದ್ದ್ ಅಂದ್ಹೇಳಿ ನಂಗೆ ಹೇಳ್ಬೇಡಿ" ಅಂದರು.

ಟಿಕೆಟನ್ನು ಪರ್ಸಿನೊಳಗೆ ಇಟ್ಟುಕೊಂಡರು.

"ಇವತ್ತೊಂದ್ ದಿನ ಅವ್ರೇ ತೆಗ್ದದ್ದ್ ಅಂದ್ಹೇಳಿ ಇರ್ಲಿ... ನಾಳಿಂದ ನಾನೇ ತೆಗಿತೆ."

ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆ ದಾಟಿದರು. ಎಷ್ಟೋ ತಿಂಗಳು ಮುಚ್ಚಿದ್ದ ಶಟರ್ ತುಕ್ಕು ಹಿಡಿದು ಬಿಗಿದಿತ್ತು. ಸಹಾಯಕ್ಕೆ ಹೋದ ನನ್ನನ್ನು ಕೈಸನ್ನೆಯಲ್ಲೇ ತಡೆದರು.

ಜಗ್ಗಿದರು... ಮತ್ತೆ ಮತ್ತೆ ಜಗ್ಗಿದರು... ಕೊನೆಗೆ ತಾವೇ ಮೇಲೆತ್ತಿ ಒಳಗೆ ಹೋದರು.

*

ಹೋದವರ ಜಾಗವನ್ನು ಯಾರೂ ತುಂಬಲಾರರು... ಆದರೆ ಉಳಿದವರು ಏಳುವಷ್ಟು ಹೊತ್ತು ಆ ಜಾಗದಲ್ಲೊಂದು ಕೈ ಚಾಚಿ ನಿಲ್ಲಬಹುದು.

ನಿಮ್ಮ ಬಸ್ಸಿನಲ್ಲಿ ಇವತ್ತು ಮೊದಲ ಸಲ ಒಬ್ಬರೇ ಹೊರಟವರು ಯಾರಾದರೂ ಇದ್ದರೇ... ನೀವು ಗಮನಿಸಿದಿರಾ?