ಒಂದು ಗೇಣು ಜಾಗ

ಗುಂಡಿಮಗ್ಗಕ್ಕೆ ಇಳಿದು ಕೂತ ಪರಮೇಶನ ಹೊಟ್ಟೆಗೆ ಅಡ್ಡಮರ ಒತ್ತಿತು. ನೇಯ್ದ ಸೀರೆ ಸುತ್ತಿಕೊಳ್ಳುವ ಆ ಮರಕ್ಕೂ ಹೊಟ್ಟೆಗೂ ನಡುವೆ ಮೊದಲು ಒಂದು ಗೇಣು ಜಾಗವಿತ್ತು. ದೀಪಾವಳಿಗೆಂದು ಗದ್ವಾಲದ ಮಾವನ ಮನೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಮರವನ್ನು ಈಚೆ ಸರಿಸಿದ್ದಾರೆ. ಅಷ್ಟು ದಿನ ಈ ಮಗ್ಗದಲ್ಲಿ ಕೂತವನು ತಮ್ಮ ಮಲ್ಲೇಶ ಒಬ್ಬನೇ.

“ಮರ ಯಾಕ ಸರಿಸೀದಿ?”

“ನಾ ಮುಟ್ಟಿಲ್ಲಣ್ಣ,” ಎಂದ ಮಲ್ಲೇಶ, ಲಾಳಿಯ ನೂಲು ಸುತ್ತುತ್ತಲೇ. ತಲೆ ಎತ್ತದೆ ಕೊಟ್ಟ ಆ ಉತ್ತರದಿಂದ ಪರಮೇಶನ ಅನುಮಾನ ಹೆಚ್ಚಿತು. ಇವತ್ತು ತನ್ನ ಅನುಕೂಲಕ್ಕೆ ಮರ ಸರಿಸಿದವನು ನಾಳೆ ಮಗ್ಗವೇ ನನ್ನದೆನ್ನಬಹುದು. ಪಾಲಿನ ಮಾತು ನಾಲಿಗೆಯ ತುದಿಗೆ ಬಂತು. ಅದಕ್ಕೂ ಮೊದಲು ಗುರುತು ಸಿಗಲೆಂದು ಪಕ್ಕಕ್ಕೆ ಬಾಗಿ, ಮರ ಹಿಡಿದ ಗೂಟದ ಬುಡ ತಡವಿದ. ಅಪ್ಪ ಮೆತ್ತಿದ್ದ ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು; ಎಲ್ಲೂ ಒಂದು ಬಿರುಕಿಲ್ಲ. ಅಷ್ಟು ಬಾಗಿದ್ದಕ್ಕೇ ಅವನಿಗೆ ಏದುಸಿರು ಬಂದಿತ್ತು.

ಹೆಂಡತಿ ಬಸವೇಶ್ವರಿ ತವರಿನಿಂದ ತಂದಿದ್ದ ಕರ್ಜಿಕಾಯಿಯ ತಟ್ಟೆ ಹಿಡಿದು ಬಂದಳು. “ಚಾ ಜೋಡಿ ತಿನ್ರಿ.”

ಪರಮೇಶ ತಟ್ಟೆ ನೋಡಿದ, ಹೊಟ್ಟೆ ನೋಡಿಕೊಂಡ. “ಅವನ್ನ ಮಲ್ಲೇಶಗ ಕೊಡು. ಇವತ್ತಿಂದ ನನಗ ಒಂದು ರೊಟ್ಟಿ, ಪುಂಡಿಪಲ್ಯ ಸಾಕು.” ಆಮೇಲೆ ತಮ್ಮನ ಕಡೆ ತಿರುಗಿ ಮೆಲ್ಲಗೆ ಹೇಳಿದ: “ಮರ ಸರಿ ಐತಿ. ನಾನೇ ಮುಂದ ಬಂದೀನಿ. ಒಂದೀಟು ಕೈ ಕೊಡು, ಅಡ್ಡಾಡಿ ಬರ್ತೀನಿ.”

ಮಲ್ಲೇಶ ಒಂದು ಕೈ ಚಾಚಿದ. ಆಮೇಲೆ ಎರಡನೆಯದನ್ನೂ ಚಾಚಬೇಕಾಯಿತು.