ಅಳಿಲಿನ ಹಾಡು

“ಮೊದ್ಲು ‘ಳ’ ಅನ್ನೋದು ಕಲ್ತ್ಕೊಂಡು ಬಾರಪ್ಪ, ಅಭಿಪ್ರಾಯ ಆಮೇಲೆ ಹೇಳುವಂತೆ,” ಎಂದರು ಮುಂದಿನ ಸಾಲಿನ ಮೇಷ್ಟ್ರು. ಸಭಾಂಗಣವೆಲ್ಲ ಗೊಳ್ಳೆಂದಿತು.

ಇಪ್ಪತ್ತು ವರ್ಷದ ಹಿಂದಿನ ದೀಪಾವಳಿಯ ಹಾಡಿನ ಕಾರ್ಟೂನನ್ನು ಮತ್ತೆ ತೋರಿಸಿ, ಟಿವಿಯವರು ನೋಡಿದವರ ಅಭಿಪ್ರಾಯ ಕೇಳುತ್ತಿದ್ದರು. ಸಭಿಕರಲ್ಲೊಬ್ಬ ಯುವಕ ಎದ್ದು ಮೈಕು ಹಿಡಿದು, “ಆ ಅಲಿಲಿನ ಹಾಡು...” ಎಂದಿದ್ದನಷ್ಟೆ. ಇದೇ ನಗು ತಾಳಲಾರದೆ ಏಳನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವನು. ಆದರೂ ಇವತ್ತು ಹೇಳಿಯೇ ಹೋಗಬೇಕೆಂದು ಹಲ್ಲು ಕಚ್ಚಿ ನಿಂತ.

ಅಷ್ಟರಲ್ಲಿ ಮೈಕು ಮೇಷ್ಟ್ರ ಕೈ ಸೇರಿತ್ತು.

“ಈಗಿನ ಕಾರ್ಟೂನಲ್ಲಿ ಏನಿದೆ ಮಣ್ಣು? ಆ ಮರಿ ಅಳಿಲು ‘ಬೆಲಕು ಬಂತು, ಬಾಗಿಲು ತೆಗಿ’ ಅಂತ ಹಾಡತ್ತಲ್ಲ, ಆ ‘ಬೆಲಕು’ ಕೇಳಿದ್ರೆ ನಂಗೆ ಈಗ್ಲೂ ಕಣ್ಣು ತುಂಬತ್ತೆ.”

“ಜೇನು ಸಾರ್, ಜೇನು,” ಎಂದಳು ಹಿಂದೆ ಕೂತ ಹೆಂಗಸು. ಈಗಷ್ಟೇ ನಕ್ಕವರೆಲ್ಲ ಚಪ್ಪಾಳೆ ತಟ್ಟಿದರು.

“ಆ ಹಾಡು ಹಾಡಿದ ಮಗು ಈಗ ಎಲ್ಲಿದೆಯೋ ನಮಗೂ ಗೊತ್ತಿಲ್ಲ,” ಎಂದ ಟಿವಿ ಹುಡುಗಿ ಅವನತ್ತ ತಿರುಗಿದಳು. “ಅದಿರ್ಲಿ, ನೀವೇನೋ ಹೇಳೋಕೆ ಬಂದ್ರಲ್ಲ ಸರ್?”

ಅಳಿಲು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಯಿತು.