ಒಂದು ಕೇಸು ಬಿಯರಿನ ಉಪಕಾರ

ಮರ್ವ್ ಕಾಗದವನ್ನು ಎರಡೆರಡು ಸಲ ಓದಿದ. ‘ನೀವು ಕಳಿಸಿದ ಮಾದರಿಯಲ್ಲಿ ರಕ್ತದ ಅಂಶ ಕಂಡುಬಂದಿದೆ. ಕೂಡಲೇ ವೈದ್ಯರನ್ನು ಕಾಣಿ.’ ಕರುಳಿನ ಕ್ಯಾನ್ಸರ್ ಪತ್ತೆಗೆಂದು ಸರ್ಕಾರ ವಯಸ್ಸಾದವರ ಮನೆಮನೆಗೆ ಅಂಚೆಯಲ್ಲಿ ಕಳಿಸುವ ಪೊಟ್ಟಣಕ್ಕೆ ಬಂದ ಉತ್ತರ ಅದು. ಹೆಸರೇನೋ ಮರ್ವ್‌ನದೇ. ಆದರೆ ಕಳಿಸಿದ ಮಾದರಿ ಅವನದಲ್ಲ!

ಕಡಲತೀರದ ಊರು ಸೆಡುನಾದ ಶೆಡ್ಡಿನಲ್ಲಿ ದಿನಕ್ಕೆ ಸಾವಿರ ಸಿಂಪಿ ಒಡೆದು ಮಾಂಸ ಬಿಡಿಸಿದರೂ ಹೇಸದ ಗಂಡಸಿಗೆ ತನ್ನದೇ ಮಲಕ್ಕೆ ಕಡ್ಡಿ ಅದ್ದುವುದೆಂದರೆ ವಾಕರಿಕೆ. ಹಿಂದಿನ ಮೂರು ಪೊಟ್ಟಣ ಕಸದ ಬುಟ್ಟಿ ಸೇರಿದ್ದವು. ಈ ಸಲ ಹೆಂಡತಿ ಗ್ಲೆನಿಸ್ ಪಟ್ಟು ಬಿಡಲಿಲ್ಲ. “ಮಾದರಿ ತಣ್ಣಗಿರಬೇಕಂತೆ. ಫ್ರಿಜ್ಜಲ್ಲಿ ಬೆಣ್ಣೆ ಹಿಂದೆ ಅದರ ಚೀಲ ಕಾಣೋವರೆಗೂ ನಿಂಗೆ ಊಟ ಇಲ್ಲ” ಎಂದುಬಿಟ್ಟಳು. ಮರ್ವ್ ಪೊಟ್ಟಣದ ಜೊತೆಗೆ ಇಪ್ಪತ್ನಾಲ್ಕು ಬಾಟಲಿಯ ಒಂದು ಕೇಸು ಬಿಯರ್ ಹೊತ್ತುಕೊಂಡು, ಕಡಲ ದಂಡೆಯಲ್ಲಿ ತನ್ನ ಗಾಡಿಮನೆ ಕ್ಯಾರವಾನ್ ನಿಲ್ಲಿಸಿಕೊಂಡಿದ್ದ ಗೆಳೆಯ ಡಾರ್ಸಿಯ ಹತ್ತಿರ ಹೋದ.

“ಇಷ್ಟೇನಾ? ಇದನ್ನ ದಿನಾ ಪುಕ್ಕಟೆ ಮಾಡ್ತಿದೀನಲ್ಲೋ!” ಎಂದು ನಕ್ಕಿದ್ದ ಡಾರ್ಸಿ. ಎರಡು ದಿನ ಬಿಟ್ಟು ಎರಡು ನಳಿಕೆ ತುಂಬಿಸಿ ಕೊಟ್ಟಿದ್ದ.

ಈಗ ಗ್ಲೆನಿಸ್ ಕಾಗದ ಕಸಿದು ಓದಿದಳು. ಓದಿದ್ದೇ ತಡ, ಗಂಡನನ್ನು ತಬ್ಬಿಕೊಂಡಳು. “ಹೆದರಬೇಡ, ನಾನಿದೀನಿ” ಎಂದಳು. ಮರ್ವ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಮಾನ ಉಳಿಯುತ್ತಿತ್ತು, ಡಾರ್ಸಿ ಉಳಿಯುತ್ತಿರಲಿಲ್ಲ.

“ಗ್ಲೆನ್... ಅದು ನಂದಲ್ಲ. ಡಾರ್ಸಿದು.”

ಅವಳು ಕೈ ಬಿಟ್ಟಳು. ಪಾತ್ರೆ ಒರೆಸುವ ಬಟ್ಟೆ ಹಾರಿ ಬಂದು ಅವನ ಮುಖಕ್ಕೆ ಬಡಿಯಿತು. “ಅರವತ್ಮೂರು ವರ್ಷದ ಕತ್ತೆ! ನಿಂಗೆ ಆಮೇಲೆ ಇದೆ. ಮೊದ್ಲು ಗಾಡಿ ಹತ್ತು.”

ಡಾರ್ಸಿಗೆ ಇಂಥ ಪೊಟ್ಟಣ ಈವರೆಗೆ ಒಂದೂ ಬಂದಿರಲಿಲ್ಲ. ತಿಂಗಳಿಗೊಂದು ಊರು ಸುತ್ತುವವನನ್ನು ಅಂಚೆಯವನು ಎಲ್ಲಿ ಹುಡುಕಬೇಕು? “ಏನೋ, ನಿನ್ನ ಕಾಯಿಲೆ ನನ್ನ ತಲೆಗೆ ಕಟ್ಟೋಕೆ ಬಂದ್ಯಾ?” ಎಂದು ಕ್ಯಾರವಾನಿನ ಬಾಗಿಲಲ್ಲೇ ನಗಲು ಹೊರಟವನು ಗ್ಲೆನಿಸಳ ಮುಖ ನೋಡಿ ಕಾಗದ ಇಸಕೊಂಡು ಓದಿದ. “ನಮ್ಮಮ್ಮ ಹೋಗಿದ್ದೂ ಇದರಲ್ಲೇ” ಎಂದ ಮೆಲ್ಲಗೆ. ಗಾಡಿ ಹತ್ತಿದ.

ಅಡಿಲೇಡಿನ ಡಾಕ್ಟರು ಕರುಳಿನೊಳಗಿನ ಗಡ್ಡೆಯನ್ನು ಪೂರ್ತಿ ತೆಗೆದರು. ಕ್ಯಾನ್ಸರೇ, ಆದರೆ ಬೇರೆಲ್ಲೂ ಹರಡಿರಲಿಲ್ಲ. “ಒಳ್ಳೇ ಹೊತ್ತಿಗೆ ಪರೀಕ್ಷೆ ಮಾಡಿಸಿಕೊಂಡ್ರಿ” ಎಂದು ಅವರು ಡಾರ್ಸಿಯ ಬೆನ್ನು ತಟ್ಟಿದಾಗ ಮರ್ವ್ ಕಿಟಕಿಯಾಚೆ ನೋಡುತ್ತ ಕಣ್ಣೊರೆಸಿಕೊಂಡ.

ನಾಲ್ಕು ತಿಂಗಳು ಕಳೆದು ಒಂದು ಭಾನುವಾರ ಬೆಳಿಗ್ಗೆ, ಡಾರ್ಸಿ ಒಂದು ಕೇಸು ಬಿಯರ್ ಹೊತ್ತು ಬಾಗಿಲಿಗೆ ಬಂದ. ಮುಖ ತುಂಬಿಕೊಂಡಿತ್ತು. ಮರ್ವ್ ಹಲ್ಲುಕಿರಿಯುತ್ತ ಕೈಚಾಚಿದ.

“ಕೈ ತೆಗಿ. ದುಡಿದ ಮೇಲೇ ಕೂಲಿ” ಎಂದ ಡಾರ್ಸಿ.

ಒಳಗಿನಿಂದ ಗ್ಲೆನಿಸ್, ತಾನೇ ಕೇಳಿ ತರಿಸಿದ ಹೊಸ ಪೊಟ್ಟಣ ತಂದು ಗಂಡನ ಕೈಗಿಟ್ಟಳು. ಇಬ್ಬರೂ ಸೇರಿ ಅವನನ್ನು ಪಾಯಿಖಾನೆಗೆ ದಬ್ಬಿ ಬಾಗಿಲೆಳೆದರು. ಡಾರ್ಸಿ ಅಡುಗೆಮನೆಯಿಂದ ಕುರ್ಚಿ ತಂದು ಬಾಗಿಲಿಗೆ ಅಡ್ಡ ಹಾಕಿ ಕೂತ. ಕೇಸಿನಿಂದ ಒಂದು ಬಾಟಲಿ ಎತ್ತಿ ಮುಚ್ಚಳ ತಿರುಪಿದ.

“ಅವಸರ ಏನಿಲ್ಲ ಮಾರಾಯ, ನಿಧಾನವಾಗಿ ಮಾಡು. ಇಲ್ಲಿ ಇನ್ನೂ ಇಪ್ಪತ್ಮೂರು ಇದೆ.”